ಸೇನಾಪತಿಯ ದನಿ ನಡುಗಿದ ದೃಶ್ಯ

“ಒಂದೇ ಒಂದು ಹೆಜ್ಜೆ ಹಿಂದಿಟ್ಟರೂ ತಲೆ ಉರುಳುತ್ತೆ!”

ತಪ್ಪು ಬಾಗಿಲು ತೆರೆದೆನಲ್ಲ ಎಂದು ಹಿಂದಕ್ಕೆ ಸರಿಯಲಿದ್ದ ಅವಳು, ಎತ್ತಿದ ಕಾಲನ್ನು ಗಾಳಿಯಲ್ಲೇ ನಿಲ್ಲಿಸಿಬಿಟ್ಟಳು!

ಮಬ್ಬು ಬೆಳಕಿನ ಪುಟ್ಟ ಕೋಣೆ. ಗೋಡೆ ತುಂಬ ಕಪ್ಪು ಸ್ಪಂಜು. ತೆರೆಯ ಮೇಲೆ ಕೊರಿಯಾದ ಯಾವುದೋ ಹಳೆಯ ಕಾಲದ ಕೋಟೆ, ಹಿಮ, ಹಸಿದ ಸೈನಿಕರು. ಮೈಕಿನ ಮುಂದೆ ಬರಿಗಾಲಲ್ಲಿ ನಿಂತಿದ್ದ ಯುವಕ ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದ.

“ನಿಮಗೆ ಹೇಳಿದ್ದಲ್ಲ...” ಎಂದ ಮೆಲ್ಲಗೆ. “ಸೈನಿಕರಿಗೆ. ನೀವು ಕಾಲು ಕೆಳಗಿಡಬಹುದು.”

ಗಾಜಿನ ಗೋಡೆಯ ಆಚೆ ಕೂತಿದ್ದ ಡಬ್ಬಿಂಗ್ ಸ್ಟುಡಿಯೋದ ಯಜಮಾನರು ಸ್ಪೀಕರಿನಲ್ಲೇ ನಕ್ಕರು. “ಬಾಮ್ಮಾ, ಹೊಸ ಸಂಭಾಷಣೆಗಾರ್ತಿ! ಅವನೇ ನಮ್ಮ ಸೇನಾಪತಿ. ಈ ಸಿನಿಮಾಕ್ಕೆ ಅವನ ದನಿ, ನಿನ್ನ ಮಾತು.”

ಅವಳ ಕೆನ್ನೆ ಕೆಂಪೇರಿತು. ಇಷ್ಟು ದಿನ ತಲೆಹೊಟ್ಟಿನ ಎಣ್ಣೆಗೆ ಜಾಹೀರಾತು ಬರೆದು ಬರೆದು ಬೇಸತ್ತವಳಿಗೆ ಸಿಕ್ಕ ಮೊದಲ ಸಿನಿಮಾ ಇದು. ಕೊರಿಯನ್ ಚಿತ್ರವನ್ನು ಕನ್ನಡದಲ್ಲಿ ಮಾತಾಡಿಸಬೇಕು. ಮೊದಲ ದಿನವೇ ಒಂಟಿಕಾಲಲ್ಲಿ ನಿಂತು ಮಾನ ಕಳೆದುಕೊಂಡೆನಲ್ಲ!

ಯುದ್ಧದ ಚಿತ್ರವೆಂದರೆ ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಕತ್ತಿ, ಕೂಗು, ಧೂಳು. ಹಾಗಾಗಿ ಸೇನಾಪತಿಯ ಬಾಯಿಗೆ ಸಿಡಿಲಿನಂಥ ಮಾತುಗಳನ್ನು ತುಂಬಿದಳು. ಯುದ್ಧಕ್ಕೆ ಹೊರಡುವ ಮುನ್ನ ಅವನು ಹೆಂಡತಿಯಿಂದ ಬೀಳ್ಕೊಳ್ಳುವ ದೃಶ್ಯಕ್ಕಂತೂ ಪುಟಗಟ್ಟಲೆ ಸುರಿದಿದ್ದಳು.

ಯುವಕ ಓದಿದ. ತೆರೆ ನೋಡಿದ. ತಲೆ ಕೆರೆದುಕೊಂಡ.

“ಮೇಡಂ... ಸೇನಾಪತಿ ಬಾಯಿ ಮುಚ್ಚಿ ಕುದುರೆ ಹತ್ತಿ ಆಯ್ತು. ನಿಮ್ಮ ಮಾತು ಇನ್ನೂ ಅಂಗಳದಲ್ಲೇ ಇದೆ.”

“ಅಂದ್ರೆ? ನನಗೆ ಬರೆಯೋಕೆ ಬರಲ್ಲ ಅಂತಾನಾ?”

“ಅವನಿಗೆ ಮಾತಾಡೋಕೆ ಬರಲ್ಲ ಅಂತ.”

‘ಅಬ್ಬಾ, ಎಷ್ಟು ಸೊಕ್ಕು!’ ಅವಳು ಮೂಗು ಮುರಿದಳು.

ಯಜಮಾನರು ರಾಜಿ ಮಾಡಿಸಿದರು. “ಇಬ್ಬರೂ ಕಿತ್ತಾಡಬೇಡಿ. ಇಂಥವೇ ನಾಲ್ಕು ಸಿನಿಮಾ ಜೊತೇಲಿ ಕೂತು ನೋಡಿ. ಆಮೇಲೆ ಬರಿ.”

ಹೀಗೆ ಶುರುವಾದವು ಅವರ ಮಧ್ಯಾಹ್ನಗಳು. ಪಕ್ಕದ ಕೋಣೆಯಲ್ಲಿ ಎರಡು ಕುರ್ಚಿ, ಎರಡು ಲೋಟ ಚಹಾ.

ಮೊದಲ ದಿನ ಅವಳು ಆಕಳಿಸಿದಳು. ಎರಡನೆಯ ದಿನ ಚಹಾ ಆರಿದ್ದು ಗೊತ್ತಾಗಲಿಲ್ಲ. ಮೂರನೆಯ ದಿನ ಬಿಕ್ಕಿಬಿಕ್ಕಿ ಅತ್ತಳು!

ತೆರೆಯ ಮೇಲೆ ಶತ್ರುಗಳು ಬೆಟ್ಟ ಹತ್ತಿ ಬರುತ್ತಿದ್ದರು. ಆ ಸಿನಿಮಾದ ಮುದಿ ಸೇನಾಪತಿ ಮಾತ್ರ ಹೆದರಿ ನಡುಗುತ್ತಿದ್ದ ಒಬ್ಬ ಸೈನಿಕನ ಮುಂದೆ ಮಂಡಿಯೂರಿ, ಅವನ ಸಡಿಲಾದ ಕವಚದ ದಾರವನ್ನು ಬಿಗಿಯಾಗಿ ಕಟ್ಟುತ್ತಿದ್ದ. ಒಂದು ಮಾತಿಲ್ಲ. ನಗಾರಿ ಕೂಡ ನಿಂತಿತ್ತು. ಬರೀ ಗಾಳಿ.

“ದಾರ ಕಟ್ಟಿದ್ದಕ್ಕೆ ಯಾರಾದ್ರೂ ಅಳ್ತಾರೇನ್ರೀ?” ಮೂಗು ಒರೆಸಿಕೊಳ್ಳುತ್ತ ತನ್ನನ್ನೇ ಬೈದುಕೊಂಡಳು.

“ನಾನೂ ಅಳ್ತೀನಿ,” ಎಂದ ಅವನು. “ಆ ಮುದುಕನಿಗೂ ಭಯ ಇದೆ. ಕೈ ನೋಡಿ, ಗಂಟು ಎರಡು ಸಲ ಜಾರುತ್ತೆ. ಗೆಲ್ತೀವಿ ಅಂತ ಅವನು ನಿಂತಿಲ್ಲ. ಹಿಂದೆ ಊರಿದೆ ಅಂತ ನಿಂತಿದಾನೆ. ಅದಕ್ಕೇ ನನಗೆ ಈ ಸಿನಿಮಾಗಳ ಹುಚ್ಚು.”

ಅವಳು ತೆರೆ ಬಿಟ್ಟು ಅವನ ಮುಖವನ್ನೇ ನೋಡಿದಳು. ಗಂಟಲು ಹರಿಯುವಂತೆ ಗರ್ಜಿಸುವವನು ಮಾತಾಡುವಾಗ ಎಷ್ಟು ಮೃದು!

‘ಅಯ್ಯೋ ಮನಸೇ... ಎಲ್ಲಿಗೆ ಹೊರಟೆ ನೀನು?’

ಅಂದು ಮನೆಗೆ ಬಂದವಳು ಬೀಳ್ಕೊಳ್ಳುವ ದೃಶ್ಯವನ್ನು ಪೂರ್ತಿ ಹರಿದುಹಾಕಿ, ಒಂದೇ ಸಾಲು ಬರೆದಳು. “ನೀನಿದ್ದೀಯ ಅಂತಲೇ ನನಗೆ ಸಾಯೋಕೆ ಭಯ.”

ಮರುದಿನ ಅವನು ಅದನ್ನು ಓದಿದ. ಹಾಳೆಯನ್ನು ಹುಷಾರಾಗಿ ಮೈಕಿನ ಪಕ್ಕ ಇಟ್ಟುಕೊಂಡ.

ಆದರೆ ಅಲ್ಲಿಂದಲೇ ಎಡವಟ್ಟು! ಕೋಟೆ ನಡುಗುವಂತೆ ಕೂಗುತ್ತಿದ್ದವನ ದನಿ ಆ ಒಂದು ಸಾಲಿಗೆ ಒಡೆಯಿತು. ಮತ್ತೆ ಹೇಳಿದ, ಕೆಮ್ಮು ಬಂತು. ನೀರು ಕುಡಿದು ಹೇಳಿದ, ತೆರೆಯ ಮೇಲಿನ ಹೆಂಡತಿ ಒಳಗೆ ಹೋದ ಮೇಲೆ ಮಾತು ಬಂತು. ಗಾಜಿನ ಆಚೆಯಿಂದ ಅವಳು ಹೆಬ್ಬೆರಳೆತ್ತಿ ಹುರಿದುಂಬಿಸಿದಷ್ಟೂ ಅವನು ಬೆವರಿದ.

ಮರುದಿನ ಬೆಳಗ್ಗೆ ಚಹಾ ತರಲು ಹೋದವಳಿಗೆ ಯಜಮಾನರ ಕೋಣೆಯಿಂದ ಆ ಪರಿಚಿತ ದನಿ ಕೇಳಿಸಿತು.

“ದಯವಿಟ್ಟು ಸಾರ್. ಅವರನ್ನ ಇಲ್ಲಿಂದ ಕಳಿಸಿಬಿಡಿ. ಅವರಿದ್ದರೆ ನನ್ನ ಕೈಲಿ ಆಗಲ್ಲ.”

ಅವಳು ಚೀಲ ಹೆಗಲಿಗೇರಿಸಿ, ಯಾರಿಗೂ ಹೇಳದೆ ಮನೆಗೆ ಬಂದುಬಿಟ್ಟಳು.

ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅತ್ತಿಗೆ ಅವಳ ಮುಖ ನೋಡಿದ್ದೇ ಬಟ್ಟಲು ಪಕ್ಕಕ್ಕಿಟ್ಟಳು. ಅತ್ತಿಗೆಯೂ ಕೊರಿಯನ್ ಚಿತ್ರಗಳ ಕಟ್ಟಾ ಅಭಿಮಾನಿ. ಗಂಡನ ಗೊರಕೆಯನ್ನೂ ಲೆಕ್ಕಿಸದೆ ರಾತ್ರಿಯಿಡೀ ಟಿವಿ ಮುಂದೆ ಕೋಟೆ ಕಾಯುವವಳು.

ನಡೆದದ್ದನ್ನೆಲ್ಲ ಕೇಳಿದ ಮೇಲೆ ಅತ್ತಿಗೆ, “ಯಾಕೆ ಕಳಿಸಬೇಕು ಅಂತ ಕೇಳಿದ್ಯಾ?” ಎಂದಳು.

“ಕೇಳೋದೇನಿದೆ? ನಾನು ಬೇಡ ಅಂದ್ರು, ಬಂದೆ.”

“ಅಯ್ಯೋ ಪೆದ್ದಿ! ಇಷ್ಟು ಸಿನಿಮಾ ನೋಡಿ ಏನೇ ಕಲಿತೆ? ದೂತ ಅರ್ಧ ಸುದ್ದಿ ತಂದಾಗಲೇ ಅಲ್ವಾ ಅಲ್ಲಿ ಊರಿಗೆ ಊರೇ ಉರಿದುಹೋಗೋದು?”

“ಅತ್ತಿಗೇ...”

“ಅತ್ತಿಗೆಯೂ ಇಲ್ಲ, ಗಿತ್ತಿಗೆಯೂ ಇಲ್ಲ. ಮುಖ ತೊಳ್ಕೊಂಡು ಹೋಗು. ಎದುರು ನಿಂತು ಕೇಳು. ಬೇಡ ಅಂದ್ರೆ ಅಳೋಕೆ ಮನೆ ಇದ್ದೇ ಇದೆ. ಬಟಾಣಿಯೂ ಇನ್ನೂ ಬೇಕಾದಷ್ಟಿದೆ, ಬಿಡಿಸ್ತಾ ಅಳು.”

ಅಳುವಿನ ನಡುವೆಯೂ ಅವಳಿಗೆ ನಗು ಬಂತು.

ಮಧ್ಯಾಹ್ನದ ಬಿಸಿಲಲ್ಲಿ ಸರಸರನೆ ನಡೆದು ಬಂದು, ಅವನಿದ್ದ ಕೋಣೆಯ ಬಾಗಿಲನ್ನು ದಡಾರನೆ ತೆರೆದಳು. ಅವನು ಹಾಳೆ ಹಿಡಿದು ಪೆಚ್ಚಾಗಿ ಕೂತಿದ್ದ.

“ನನ್ನ ಕೆಲಸ ಕಿತ್ಕೊಳ್ಳೋಷ್ಟು ದ್ವೇಷಾನಾ ನಿಮಗೆ?”

ಅವನು ಗಾಬರಿಯಿಂದ ಎದ್ದ. “ಕೆಲಸಾನಾ? ಯಾರು ಹೇಳಿದ್ದು?”

“ನೀವೇ! ಕಳಿಸಿಬಿಡಿ ಅಂದ್ರಲ್ಲ, ನಾನೇ ಕೇಳಿಸ್ಕೊಂಡೆ.”

“ಆ ಒಂದು ಸಾಲು ಹೇಳಿ ಮುಗಿಸೋವರೆಗೆ... ಅಷ್ಟೇ! ಚಹಾ ಕುಡಿಯೋಕೆ ಕಳಿಸಿ ಅಂದೆ. ಬೆಳಗ್ಗೆಯಿಂದ ನೀವು ಕಾಣದೆ, ಕೂಗಿ ಕೂಗಿ ನನ್ನ ದನಿ ಪೂರ್ತಿ ಹೋಗಿದೆ, ಕೇಳಿ ಬೇಕಾದ್ರೆ.”

ನಿಜವಾಗಿಯೂ ದನಿ ಗೊಗ್ಗರಾಗಿತ್ತು. ಅವಳ ಕೋಪ ಅರ್ಧಕ್ಕರ್ಧ ಇಳಿಯಿತು.

“ನಾನಿದ್ರೆ ಏನು ಕಷ್ಟ?”

ಅವನು ಕೈಲಿದ್ದ ಹಾಳೆಯನ್ನು ಮೈಕಿನ ಪಕ್ಕ ಇಟ್ಟ. ಆಮೇಲೆ ತಲೆಯೆತ್ತಿದ.

“ಬೇರೆ ಮಾತೆಲ್ಲ ಸೇನಾಪತಿದು. ಹೇಳಿಬಿಡ್ತೀನಿ. ಈ ಮಾತು ಮಾತ್ರ... ನೀವು ಗಾಜಿನ ಆಚೆ ನಿಂತು ನೋಡ್ತಿದ್ರೆ, ಇದು ನಂದೇ ಆಗಿಬಿಡುತ್ತೆ. ನನ್ನ ಮಾತನ್ನ ಇನ್ನೊಬ್ಬನ ತುಟಿಗೆ ಹೊಂದಿಸೋಕೆ ನನಗೆ ಬರಲ್ಲ.”

ಅವಳು ಕಪ್ಪಗಿದ್ದ ತೆರೆಯತ್ತ ನೋಡಿದಳು.

“ಹಾಗಿದ್ರೆ...” ಅವಳು ಒಂದು ಹೆಜ್ಜೆ ಮುಂದಿಟ್ಟಳು. “ತೆರೆ ಆಫ್ ಆಗಿದೆ. ಸದ್ಯಕ್ಕೆ ಯಾರ ತುಟಿಗೂ ಹೊಂದಿಸಬೇಕಾಗಿಲ್ಲ.”

“ನನಗೆ ನೀವು ಇಷ್ಟ,” ಎಂದ ಅವನು. ಗೊಗ್ಗರು ದನಿ, ಆದರೆ ಒಂಚೂರೂ ತಡವರಿಸಲಿಲ್ಲ. “ತುಂಬಾ ಇಷ್ಟ.”

ಥಟ್ಟನೆ ಸ್ಪೀಕರು ಕರಕರ ಎಂದಿತು.

“ಲೋ, ಮೈಕು ಆನ್ ಇದೆ ಕಣೋ!” ಯಜಮಾನರ ದನಿ. “ಸ್ವಲ್ಪ ಹತ್ತಿರ ಬನ್ನಿ, ಹುಡುಗಿ ಏನಂದ್ಲು ಸರಿಯಾಗಿ ಕೇಳಿಸ್ತಿಲ್ಲ!”

ಇಬ್ಬರೂ ಒಟ್ಟಿಗೆ ಬಗ್ಗಿ ಮೈಕಿನ ಸ್ವಿಚ್ಚು ಹುಡುಕಿದರು. ಬೆರಳಿಗೆ ಬೆರಳು ತಾಗಿತು. ಮೈಕು ಆಫ್ ಆಯಿತು, ಬೆರಳು ಮಾತ್ರ ಯಾರೂ ಹಿಂದೆಗೆಯಲಿಲ್ಲ.

“ನೀವು ಇನ್ನೂ ಏನೂ ಹೇಳಲಿಲ್ಲ...” ಎಂದ ಅವನು.

“ಮೊದಲು ಆ ‘ನೀವು’ ಬಿಡಿ.”

“ಬಿಟ್ಟರೆ?”

“ಬಿಟ್ಟು ನೋಡು,” ಎಂದಳು ಅವಳು, ಅವನ ಕೈ ಬಿಡದೆ.