ಸಾಯಬಣ್ಣನ ದನಿ ಅಳಿಸಿದವರಾರು?

"ನಮ್ಮಪ್ಪ ಎರಡನೇ ಸಲ ಸತ್ತಾನ್ರೀ ಬಾಯಾರ," ಎಂದಳು ಶಿವಕಾಂತಮ್ಮ, ಚಪ್ಪಲಿ ಕಳಚುವುದನ್ನೂ ಮರೆತು ಒಳಗೆ ಬಂದವಳು.

ಅದು 2007ರ ಬೇಸಿಗೆ. ಸೇಡಂನ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾಗಿದ್ದ ರುಕ್ಮಿಣಿಬಾಯಿಯವರ ಬಳಿಗೆ ಊರಿನ ಕಳವು, ಮೋಸಗಳೆಲ್ಲ ಬರುತ್ತಿದ್ದವು. ಮಹಡಿಯಲ್ಲಿ ಬಾಡಿಗೆಗಿದ್ದ ನಾನು ಅವರ ಹಿಂದೆಯೇ ತಿರುಗುತ್ತಿದ್ದೆ.

ಶಿವಕಾಂತಮ್ಮನ ತಂದೆ ಚಿಮ್ಮನಚೋಡದ ಸಾಯಬಣ್ಣ ತತ್ವಪದ ಹಾಡುತ್ತಿದ್ದವನು. ಅವನು ತೀರಿಕೊಂಡ ಮೇಲೆ ಉಳಿದದ್ದು ಸುಲೇಪೇಟದ ವಿಠ್ಠಲನ ಕಂಪ್ಯೂಟರ್ ಅಂಗಡಿಯಲ್ಲಿದ್ದ ಧ್ವನಿಮುದ್ರಣ ಮಾತ್ರ. ಹಾಡುಗಳ ಹಿಂದಿನ ಗೊರಗೊರ ಸದ್ದು ತೆಗೆಯಲು ವಿಠ್ಠಲ್ ಒಂದು ತಂತ್ರಾಂಶ ಹಾಕಿದ್ದ. ವಾಡಿಯ ರಘುವೀರ ಅದನ್ನು ಬರೆದು ಇಂಟರ್ನೆಟ್ಟಿನ ತನ್ನ ಪುಟದಲ್ಲಿ ಪುಕ್ಕಟೆ ಹಂಚುತ್ತಿದ್ದ. ಹಾಡನ್ನು ತೊಳೆದು ಮೂಲದ ಜಾಗದಲ್ಲೇ ಇಡುವುದು ಅದರ ಕೆಲಸ. ವಿಠ್ಠಲನ ಹೊಸ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸಿನ ಹೊಸ ಆವೃತ್ತಿ, ವಿಸ್ತಾ. ಅಲ್ಲಿ ಅದು ಪ್ರತಿ ಹಾಡಿನ ಜಾಗದಲ್ಲೂ ಮೌನವನ್ನು ಇಟ್ಟಿತು.

"ಎಲ್ಲಾ ವಿಂಡೋಸಿನ್ಯಾಗೂ ನಡೀತದ ಅಂತ ಬರದಾನ್ರೀ ಆ ರಘುವೀರ! ನಾಳಿ ಠಾಣೆಗೆ ಹೋಗಾಕಿ ನಾ."

ನಾವು ಮೊದಲು ವಾಡಿಗೆ ಹೋದೆವು. ಸುದ್ದಿ ಕೇಳಿ ರಘುವೀರನ ಮುಖ ಬಿಳಿಚಿತು. ಅವನು ತನ್ನ ಪುಟ ತೆರೆದ. ಕೆಂಪಕ್ಷರದಲ್ಲಿತ್ತು: 'ವಿಸ್ತಾದಲ್ಲಿ ಬಳಸಬೇಡಿ. ಹಾಡು ಅಳಿಸಿಹೋಗುತ್ತದೆ.' ಕೆಳಗೆ ಯಾರೋ ಹೆಂಗಸಿನ ಒಂದು ಮಾದರಿ ಹಾಡು. ಅದರ ಕೆಳಗೆ ತಂತ್ರಾಂಶ ಬಳಸುವ ಶಹಾಬಾದಿನ ಮಜೀದಸಾಬರ ಎರಡು ಸಾಲು: ಎಚ್ಚರಿಸಿದ್ದಕ್ಕೆ ಶುಕ್ರಿಯಾ, ಮತ್ತೆ ಅವರ ಫೋನ್ ನಂಬರು.

"ವಿಸ್ತಾ ಬಂದ ಕೂಡ್ಲೇ ಬರದೀನ್ರೀ," ಎಂದ.

"ನಿನ್ನೆ ಬರದಿರ್ಬೇಕು, ನಾ ಅಳೋದು ಕೇಳಿ!" ಎಂದು ಶಿವಕಾಂತಮ್ಮ ಕಿರುಚಿದಳು.

ರುಕ್ಮಿಣಿಬಾಯಿ ಸ್ಟೇಷನ್ ಹತ್ತಿರದ ಬೂತಿನಲ್ಲಿ ಒಂದು ಫೋನ್ ಮಾಡಿದರು. ರಘುವೀರನನ್ನೂ ಕರೆದುಕೊಂಡು ಸುಲೇಪೇಟದ ಬಸ್ಸು ಹತ್ತಿದೆವು.

ವಿಠ್ಠಲ್ ಕುರ್ಚಿ ಒರೆಸಿ, "ಕುಂದ್ರಿ ಬಾಯಾರ," ಎಂದು ಅದೇ ಪುಟ ತೆರೆದ. ನಾನು ಬೆಚ್ಚಿದೆ. ಕೆಂಪಕ್ಷರವೇ ಇಲ್ಲ! 'ಎಲ್ಲಾ ವಿಂಡೋಸಿನಲ್ಲೂ ನಡೆಯುತ್ತದೆ' ಎಂದಿತ್ತು. ಕೆಳಗೆ, 'ಮಾದರಿ: ತತ್ವಪದ.'

ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ರಿಂಗಣಿಸಿತು. "ಬರಾಕತ್ತೀನಿ ಮಾರಾಯ್ತಿ, ರೊಟ್ಟಿ ಆರಿದ್ರ ಆರ್ಲಿ!" ಎಂದು ಹೆಂಡತಿಗೆ ಹೇಳುತ್ತಲೇ ವಿಠ್ಠಲ್ ಇನ್ನೊಂದು ಕೈಯಿಂದ ಪುಟ ಮುಚ್ಚಿ ಮತ್ತೆ ತೆರೆದ. "ನೋಡ್ರಿ, ಇಂಟರ್ನೆಟ್ಟಿನಿಂದ ಈಗಿಂದೀಗ ಬಂತು."

ಒಂದೇ ವಿಳಾಸ, ಎರಡು ಪುಟ. ರಘುವೀರ ಗೋಡೆಗೆ ಒರಗಿಬಿಟ್ಟ.

"ಎಲ್ಲಾರೂ ಕೂಡ್ರಿ," ಎಂದರು ರುಕ್ಮಿಣಿಬಾಯಿ. "ವಿಠ್ಠಲ್, ನಿನ್ನ ಅಂಗಡ್ಯಾಗ ಫೋನಿನ ಲೈನ್ ಎಷ್ಟದಾವ?"

"ಒಂದ ಅದ ರೀ."

"ಇಂಟರ್ನೆಟ್ ಬರೋದೂ ಅದರಾಗೇ?"

"ಹೌದ್ರೀ."

"ನೆಟ್ ನಡದಾಗ ಲೈನ್ ಎಂಗೇಜ್ ಇರ್ತದ. ನಿನ್ನ ಹೆಂಡ್ತಿ ಫೋನ್ ಹ್ಯಾಂಗ ಹತ್ತಿತು? ಫೋನಿನ್ಯಾಗ ಮಾತಾಡ್ಕೋತ ನೀ ಪುಟ ಹ್ಯಾಂಗ ತರಿಸ್ದಿ?"

ವಿಠ್ಠಲ್ ಫೋನಿನ ಕಡೆಗೊಮ್ಮೆ, ಪರದೆಯ ಕಡೆಗೊಮ್ಮೆ ನೋಡಿದ.

"ಆ ಪುಟ ನಿನ್ನ ಮಷಿನಿನ್ಯಾಗೇ ಅದ. ಹಿಂದೆಂದೋ ಇಳಿಸಿಟ್ಟಿದ್ದು. ಮಜೀದಸಾಬರಿಗೆ ಫೋನ್ ಮಾಡಿ ಕೇಳ್ದೆ. ಎರಡು ತಿಂಗಳ ಹಿಂದೇ ಕೆಂಪಕ್ಷರ ಓದಿ ಅವರು ಕೈಬಿಟ್ಟಾರ. ರಘುವೀರ ನಿನ್ನೆ ಬರದಿದ್ದಲ್ಲ."

"ಲೈನ್ ಕಟ್ ಆಗ್ತದ್ರೀ," ವಿಠ್ಠಲ್ ತಲೆ ತಗ್ಗಿಸಿದ. "ಮಂದಿ ಕೇಳೋ ಪುಟ, ತಂತ್ರಾಂಶ, ಮಾದರಿ, ಎಲ್ಲಾ ಒಮ್ಮೆ ಇಳಿಸಿಟ್ಕೋತೀವಿ. ಬಜಾರದಾಗ ಎಲ್ಲಾರೂ ಹಂಗೇ ಮಾಡ್ತಾರ. ಹೊಸ ಮಷಿನಿಗೂ ಅದನ್ನೇ ಹಾಕ್ದೆ. ಹಾಡು ಹೋದ ಮ್ಯಾಲ ನೆಟ್ಟಿನ್ಯಾಗ ನೋಡ್ದೆ, ಕೆಂಪಕ್ಷರ ಕಂಡಿತು. ಅಂಜಿಕಿ ಬಂತು."

"ಇಳಿಸಿಟ್ಟಿದ್ದು ರೂಢಿ. ಈಗ ಬಂತು ಅಂದಿದ್ದು ಸುಳ್ಳು. ಆ ಸುಳ್ಳಿಗೆ ಇನ್ನೊಬ್ಬ ಜೈಲಿಗೆ ಹೋಗ್ತಿದ್ದ."

ರಘುವೀರ ಉಸಿರು ಬಿಟ್ಟ.

"ನೀ ಏನು ಉಸಿರು ಬಿಡ್ತಿ? ಎಲ್ಲಾ ವಿಂಡೋಸು ಅಂತ ಬರದಾಗ ವಿಸ್ತಾ ಹುಟ್ಟಿತ್ತೇನು? ಕೂಸು ಹುಟ್ಟೋಕಿಂತ ಮೊದ್ಲೇ ಕುಲಾವಿ ಹೊಲದಿ. ಯಾವುದ್ರಾಗ ನಡಿಸಿ ನೋಡೀದಿ, ಅಷ್ಟೇ ಬರೀಬೇಕಿತ್ತು."

ಶಿವಕಾಂತಮ್ಮನ ಸಿಟ್ಟು ಹೋಗಿತ್ತು. ಅದಿದ್ದ ಜಾಗದಲ್ಲಿ ಏನೂ ಇರಲಿಲ್ಲ.

"ಇನ್ನೊಂದು," ರುಕ್ಮಿಣಿಬಾಯಿ ಪರದೆಗೆ ಬೆರಳು ಮಾಡಿದರು. "ವಾಡಿಯೊಳಗ ಹೆಂಗಸಿನ ಹಾಡು ಇತ್ತು. ಇಲ್ಲಿರೋ ತತ್ವಪದ ಯಾರದು?"

ರಘುವೀರ ತಡವರಿಸಿದ. "ಮೊದಲಿನ ಮಾದರಿ ಅದು... ವಿಠ್ಠಲನೇ ಕಳಿಸಿದ್ದ. ಜಾಗ ಸಾಲ್ಲಿಲ್ಲ ಅಂತ ನಾ ಅಳಿಸಿಬಿಟ್ಟೆ."

ಕಳಿಸಿದ್ದನ್ನೇ ಮರೆತಿದ್ದ ವಿಠ್ಠಲ್ ಅದನ್ನು ಒತ್ತಿದ. ಮೊದಲು ಬರೀ ಗೊರಗೊರ. ಆಮೇಲೆ ಒಂದು ಕೆಮ್ಮು. ಆಮೇಲೆ ಹಣ್ಣಾದ ಗಂಡುದನಿ: "ಶಿವಕಾಂತಾ, ಒಂದೀಟು ನೀರು ತಾ ಯವ್ವಾ." ಅದರ ಹಿಂದೆಯೇ ಏಕತಾರಿ ಮಿಡಿಯಿತು.

ಹಾಡು ಇನ್ನೂ ಶುರುವಾಗಿರಲಿಲ್ಲ. ಶಿವಕಾಂತಮ್ಮ ಎದ್ದು ನಿಂತು, ಅಂಗಡಿಯ ಮೂಲೆಯಲ್ಲಿ ಬಿಂದಿಗೆ ಹುಡುಕುತ್ತಿದ್ದಳು.