ಕೂರದೆ ಹೇಳುವ ಸ್ತುತಿ

“ಇದು ಯಾರ ಕಾಲು?”

ಸ್ಮರಾಂದಾ ಕೇಳಿದ್ದು ಯಾರನ್ನೂ ಅಲ್ಲ. ಚಿಕಿತ್ಸಾ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಸೆಪ್ಟೆಂಬರಿನಲ್ಲಿ ಪ್ಲಮ್ ಕೀಳಲು ಹತ್ತಿದ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದಿತ್ತು. ನಾಲ್ಕು ತಿಂಗಳು ಹಾಸಿಗೆ. ಮೂಳೆಯೇನೋ ಕೂಡಿತು, ಆದರೆ ಎಡಗಾಲು... ಒಣಗಿದ ಬಳ್ಳಿ.

“ನಿಮ್ಮದೇ,” ಬಾಗಿಲಿನಿಂದ ಉತ್ತರ ಬಂತು. “ಸ್ವಲ್ಪ ದಿನ ನಿಮ್ಮನ್ನ ಮರೆತಿತ್ತು, ಅಷ್ಟೆ.”

ಅವಳು ಗಡಬಡಿಸಿ ಲಂಗ ಇಳಿಸಿದಳು. ಬೂದುಗಣ್ಣಿನ ಎತ್ತರದ ಆಳು. ಟೊಪ್ಲಿತ್ಸಾ ಊರಿಗೆ ಹೊಸದಾಗಿ ಬಂದ ಫಿಸಿಯೋಥೆರಪಿಸ್ಟ್, ಹಂಗೇರಿ ಮಾತಿನ ಮನೆಯವನು. ಹೆಸರು ಲೆಹೆಲ್.

“ಕೈ ಊರದೆ ಈ ಕುರ್ಚಿಯಿಂದ ಐದು ಸಲ ಏಳಿ ನೋಡೋಣ.”

ಒಂದು ಸಲವೂ ಆಗಲಿಲ್ಲ. ಅವನು ಕೈ ಚಾಚಿದ.

“ಬೇಡ.”

ಅವನು ತಟ್ಟನೆ ಕೈ ಹಿಂದೆಗೆದುಕೊಂಡ. ಒತ್ತಾಯ ಮಾಡಲಿಲ್ಲ. ಅದೇಕೋ ಅವಳಿಗೆ ಇಷ್ಟವಾಯಿತು.

“ಈ ಕಾಲಿಂದ ಏನಾಗ್ಬೇಕು ನಿಮಗೆ?”

“ನಿಲ್ಲಬೇಕು. ಈಸ್ಟರ್ ಉಪವಾಸದ ಐದನೇ ಶುಕ್ರವಾರ ದೇವಮಾತೆಯ ಸ್ತುತಿ ಓದೋದು ನಾನು. ಇಪ್ಪತ್ತೆರಡು ವರ್ಷ ಅಮ್ಮ ಓದಿದಳು, ಆಮೇಲೆ ನಾನು. ಈ ಸಲ ಆಗದಿದ್ರೆ ಬೇರೆಯವರಿಗೆ ಕೊಡ್ತಾರಂತೆ.”

“ಹನ್ನೆರಡು ವಾರ ಇದೆ. ಸಾಕು.”

ಮೂಲೆಯಲ್ಲಿ ಮೇಲೆ ನಿಂತು ತೂಕ ನೋಡುವ ಹಲಗೆಯಂಥ ಒಂದು ಯಂತ್ರವಿತ್ತು. “ಇದು ಸೆಕೆಂಡಿಗೆ ಮೂವತ್ತು ಸಲ ನಡುಗುತ್ತೆ. ನಡುಗಿದಾಗೆಲ್ಲ ಸ್ನಾಯು ತಾನಾಗಿ ಬಿಗಿಯುತ್ತೆ. ಆದರೆ ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲೋ ಕೆಲಸ ನಿಮ್ಮದು. ಸೆಟೆದು ನಿಂತ್ರೆ ನಡುಕ ತಲೆಗೇರುತ್ತೆ, ಕಾಲಿಗೇನೂ ಸಿಗಲ್ಲ.”

ಅಷ್ಟರಲ್ಲಿ ಒಳಬಂದ ಚಿಕ್ಕಮ್ಮ ವೇತಾ ಮೂಗು ಮುರಿದಳು. “ನಡುಗಿದ್ರೆ ಗಟ್ಟಿಯಾಗ್ತಾರಂತೆ. ನಲವತ್ತು ವರ್ಷ ಜರಡಿ ಅಲ್ಲಾಡಿಸಿದ ನನ್ನ ಕೈ ಕಬ್ಬಿಣ ಆಗ್ಬೇಕಿತ್ತು.”

“ಆಗಿರಬೇಕು ಚಿಕ್ಕಮ್ಮ,” ಅಂದ ಲೆಹೆಲ್. “ನಿಮ್ಮ ಹತ್ರ ಯಾರೂ ಜಗಳಕ್ಕೆ ಬರಲ್ಲವಲ್ಲ.”

ಯಂತ್ರ ಗುಂಯ್‌ಗುಟ್ಟಿತು. ಅದರ ಮೇಲೆ ಹತ್ತಿ ನಿಂತ ಸ್ಮರಾಂದಾ ಹೆದರಿ, ಬಾಯಿಗೆ ಬಂದ ಸ್ತುತಿ ಹೇಳತೊಡಗಿದಳು. ದನಿ ಮೇಕೆಮರಿಯಂತೆ ನಡುಗಿತು. ನಕ್ಕುಬಿಟ್ಟಳು.

ಅವನು ನಗಲಿಲ್ಲ. ಗಡಿಯಾರ ಜೇಬಿಗಿಳಿಸಿ, “ನಿಲ್ಲಿಸ್ಬೇಡಿ,” ಅಂದ. “ಒಂದು ಪದ್ಯ ನಿಂತ್ಕೊಳ್ಳಿ, ಒಂದು ಪದ್ಯ ಸುಧಾರಿಸ್ಕೊಳ್ಳಿ. ಇನ್ಮೇಲೆ ಅದೇ ನಮ್ಮ ಲೆಕ್ಕ.”

ವಾರಕ್ಕೆ ಮೂರು ದಿನ. ಮೊದಮೊದಲು ತೊಡೆಯೆಲ್ಲ ತುರಿಕೆ, ರಾತ್ರಿ ನೋವು. ಆಮೇಲಾಮೇಲೆ ಮೆಟ್ಟಿಲು, ಬೈಠಕ್ಕು. ಒಂದು ದಿನ ಅವನು ತೊಡೆಗೆ ಟೇಪು ಸುತ್ತಿ, ಮೂವತ್ತೊಂಬತ್ತು ಸೆಂಟಿಮೀಟರ್ ಇದ್ದದ್ದು ನಲವತ್ತೆರಡಾಗಿದೆ ಅಂದ. ಕುರ್ಚಿಯಿಂದ ಐದು ಸಲ ಎದ್ದಳು, ಕೈ ಎದೆಯ ಮೇಲೇ ಇತ್ತು.

“ಈ ಕಾಲಿಗೊಂದು ಪದಕ ಕೊಡ್ಬೇಕು.”

“ಕಾಲಿಗೆ ಮಾತ್ರಾನಾ?”

ಅವನ ಕಿವಿ ಕೆಂಪಾಯಿತು. ಅವಳ ಎದೆಯಲ್ಲಿ ಯಂತ್ರವಿಲ್ಲದೆಯೇ ನಡುಕ...

ಸ್ತುತಿಯ ಶುಕ್ರವಾರಕ್ಕೆ ಎರಡು ವಾರ ಮುಂಚೆ ತಮ್ಮ ಆರ್ಥೊಡಾಕ್ಸ್ ಚರ್ಚಿನಲ್ಲಿ ಅವಳು ಒಮ್ಮೆ ಓದಿ ನೋಡಿದಳು. ಅವನೂ ಬಂದಿದ್ದ. ಒಂಬತ್ತನೇ ಪದ್ಯಕ್ಕೆ ಮಂಡಿ ಕೊಂಚ ಅದುರಿತು. ಹಿಂದಿನಿಂದ ಕರ್ರ್ ಎಂಬ ಸದ್ದು. ಲೆಹೆಲ್ ಕುರ್ಚಿ ಎಳೆದು ತಂದು ಅವಳ ಬೆನ್ನಿಗಿಟ್ಟಿದ್ದ!

ಯಾರೋ ಕಿಸಕ್ಕೆಂದರು. ಅವಳ ಮುಖ ಉರಿಯಿತು. ‘ಎಲ್ಲರೂ ಸರಿ... ಇವನೂ ನನ್ನ ಕಾಲನ್ನ ನಂಬಲಿಲ್ಲವಲ್ಲ.’

“ನಿಮ್ಮ ಕಣ್ಣಿಗೆ ನಾನಿನ್ನೂ ಕುಂಟಿ,” ಅಂದವಳು ಹೊರಟೇಬಿಟ್ಟಳು. ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಮನೆಯಲ್ಲೇ ಅಡುಗೆಕಟ್ಟೆ ಹಿಡಿದು, ಮಂಡಿ ಬಗ್ಗಿಸಿ, ಪದ್ಯಕ್ಕೊಂದು ಬೈಠಕ್ಕು ಹಾಕಿದಳು. ಕಣ್ಣೀರು ಬಂದರೂ ಲೆಕ್ಕ ತಪ್ಪಲಿಲ್ಲ.

ಚಿಕ್ಕಮ್ಮ ಬೈಯಲೆಂದೇ ಅವನ ಹತ್ತಿರ ಹೋದಳು. “ಆ ಸ್ತುತಿಯ ಹೆಸರಿನ ಅರ್ಥವೇ ಕೂರದೆ ಹೇಳೋದು ಅಂತ ಕಣಯ್ಯಾ. ಓದೋಳಿಗೇ ಕುರ್ಚಿ ಹಾಕ್ತಾರಾ?”

ಅವನು ಬಿಳಿಚಿಕೊಂಡ. “ನಮ್ಮ ಕ್ಯಾಥೊಲಿಕ್ ಚರ್ಚಲ್ಲಿ ಎಲ್ಲರಿಗೂ ಬೆಂಚಿರುತ್ತೆ ಚಿಕ್ಕಮ್ಮ. ಕುರ್ಚಿ ಕೊಡೋದು ಮರ್ಯಾದೆ ಅಂದ್ಕೊಂಡೆ.”

“ಹೋಗಿ ಅವಳಿಗೇ ಹೇಳು.”

“ಹೇಳಿದ್ರೆ ನಂಬಲ್ಲ. ನಿಂತು ತೋರಿಸ್ತೀನಿ.”

ಶುಕ್ರವಾರ ಸಂಜೆ. ಮೇಣದ ಬೆಳಕು, ಕಿಕ್ಕಿರಿದ ಜನ. ಸ್ಮರಾಂದಾ ಓದುತ್ತ ಹೋದಳು. ಹತ್ತು... ಹದಿನೈದು... ಇಪ್ಪತ್ತನೇ ಪದ್ಯಕ್ಕೆ ಎಡದೊಡೆ ಕಲ್ಲಾಗಿ ಅದುರತೊಡಗಿತು. ಇನ್ನು ನಾಲ್ಕು. ‘ತಾಯೀ, ನಾಲ್ಕೇ ನಾಲ್ಕು...’

ತಲೆಯೆತ್ತಿದಳು. ಹಿಂದಿನ ಕಂಬದ ಬಳಿ ಲೆಹೆಲ್. ಕಂಬಕ್ಕೆ ಒರಗಿರಲಿಲ್ಲ. ಅವನ ತುಟಿಗಳು ಅವಳ ಜೊತೆಗೇ ಆಡುತ್ತಿದ್ದವು. ಹತ್ತು ವಾರ ಗಡಿಯಾರದ ಬದಲು ಕೇಳಿದ ಪದ್ಯಗಳು ಅವನಿಗೆ ಬಾಯಿಪಾಠವಾಗಿದ್ದವು! ಅವನ ಮಂಡಿ ಒಂದಿಷ್ಟೇ ಬಗ್ಗಿತ್ತು.

ಅಯ್ಯೋ... ತಾನು ಸೆಟೆದು ನಿಂತಿದ್ದಳು.

ಅವಳೂ ಮಂಡಿ ಸಡಿಲಿಸಿದಳು. ತೊಡೆ ತಾನಾಗಿ ಬಿಗಿಯಿತು, ಕಲಿತದ್ದನ್ನು ನೆನಪಿಟ್ಟುಕೊಂಡ ಹಾಗೆ. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ನಾಲ್ಕನೆಯದನ್ನು ಮುಗಿಸಿದಾಗ ಅವಳ ದನಿ ಅಮ್ಮನ ದನಿಯಂತೆಯೇ ತುಂಬಿ ಬಂದಿತ್ತು.

“ನನ್ನ ಅಕ್ಕನ ಮಗಳು,” ಅಂತ ಚಿಕ್ಕಮ್ಮ ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಆಮೇಲೆ ಅವಳ ಕಿವಿಯಲ್ಲಿ ಕುರ್ಚಿಯ ಕತೆಯನ್ನೂ ಹೇಳಿದಳು.

ಹೊರಗೆ ಮೆಟ್ಟಿಲ ಮೇಲೆ ಅವನು ಕಾಯುತ್ತಿದ್ದ.

“ಆ ಕುರ್ಚಿ...”

“ಗೊತ್ತಾಯ್ತು. ಮೊದಲೇ ಹೇಳ್ಬಾರದಿತ್ತಾ?”

“ನೀವು ನಿಲ್ತೀರಿ ಅಂತ ನಿಮಗಿಂತ ಮೊದಲು ನಂಬಿದವನು ನಾನು, ಸ್ಮರಾಂದಾ. ಜೀವನಪೂರ್ತಿ ನಿಮ್ಮನ್ನ ಹೀಗೇ ನೋಡ್ಬೇಕು ಅನ್ಸುತ್ತೆ.”

“ದೂರದಿಂದ?”

“ಪಕ್ಕದಲ್ಲಿ ನಿಂತು.”

ಅವಳು ತಾನಾಗಿಯೇ ಅವನ ತೋಳಿಗೆ ತೋಳು ಸೇರಿಸಿದಳು. ಆಗ ಗೊತ್ತಾಯಿತು, ಅವನು ಮೈಯೆಲ್ಲ ಅದುರುತ್ತಿದ್ದ.

“ಇದು ಯಾರ ಕಾಲು, ಹೀಗೆ ನಡುಗ್ತಿರೋದು?”

“ನಂದೇ. ಚರ್ಚಲ್ಲಿ ಎರಡು ಗಂಟೆ ನಿಂತು ಅಭ್ಯಾಸ ಇಲ್ಲ. ಒಂದೇ ಒಂದು ನಿಮಿಷ... ಈ ಮೆಟ್ಟಿಲ ಮೇಲೆ ಕೂತ್ಕೊಳ್ಳಲಾ?”

ಅವಳು ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಕೂಡದು.”