ಕಾಣೆಯಾದ ಮೋಟು

ನೆಂಟರ ಮನೆಯಿಂದ ಮರಳಿದ ಅಜ್ಜಿ ಗೇಟು ತೆಗೆದವರೇ ಅಲ್ಲೇ ನಿಂತುಬಿಟ್ಟರು. ಮೊಮ್ಮಗಳ ಉಯ್ಯಾಲೆ ಕಟ್ಟಿದ್ದ ದೊಡ್ಡ ಕೊಂಬೆ ಅಂಗಳದಲ್ಲಿ ಬಿದ್ದಿತ್ತು. ಉಯ್ಯಾಲೆಯನ್ನು ಯಾರೋ ಬಿಚ್ಚಿ, ಹಗ್ಗ ಸುತ್ತಿ ಮೆಟ್ಟಿಲ ಮೇಲಿಟ್ಟಿದ್ದರು.

ಇನ್ಸ್‌ಪೆಕ್ಟರ್ ಮೇಡಂ ಜೊತೆ ನಾನು, ಅವರ ಕಾನ್‌ಸ್ಟೇಬಲ್, ಹೋಗುವಷ್ಟರಲ್ಲಿ ಬೀದಿಯವರೇ ತೀರ್ಪು ಕೊಟ್ಟಾಗಿತ್ತು—ಪಕ್ಕದ ಮನೆಯ ಬಸ್ ಡ್ರೈವರ್! ಎಲೆ ಉದುರಿ ಚರಂಡಿ ಕಟ್ಟಿಕೊಳ್ಳುತ್ತದೆಂದು ಅವನು ವರ್ಷವಿಡೀ ಹಾರಾಡಿದ್ದ.

"ಕಡಿದು ಹಾಕ್ತೀನಿ ಅಂದಿದ್ದೆಯಾ?" ಮೇಡಂ ಕೇಳಿದರು.

"ಬಾಯಲ್ಲಿ ಅಂದಿದ್ದೆ ಮೇಡಂ, ಕಡಿದಿಲ್ಲ. ಕೇಸಾದ್ರೆ ಕೆಲಸ ಹೋಗುತ್ತೆ."

ನಾನು ನಂಬಲಿಲ್ಲ. ರಟ್ಟೆ ಹಿಡಿದು ಜೀಪಿನ ಕಡೆ ನಡೆಸಿದೆ.

ಅಜ್ಜಿ ಕರೆಸಿದ್ದ ಮರದ ಡಾಕ್ಟರು—ಊರಿನ ಮರಗಳ ರೋಗ ನೋಡುವವರು—ತಮ್ಮ ವ್ಯಾನಿನಿಂದಿಳಿದು ಮೇಲೆ ನೋಡಿ ಲೊಚಗುಟ್ಟಿದರು. "ಸಿಟ್ಟಲ್ಲಿ ಕಡಿದಿದ್ದಾನೆ. ಕಲ್ಲಿನಂಥ ಕೊಂಬೆ. ಮಗು ಧೈರ್ಯವಾಗಿ ಆಡಲಿ ಅಂತ ಮೊನ್ನೆ ಮೊನ್ನೆ ನಾನೇ ಹೇಳಿದ್ದೆ."

"ನೀವಾಗಿದ್ರೆ ಹೇಗೆ ತೆಗೀತಿದ್ರಿ?" ಮೇಡಂ ಕೇಳಿದರು.

ಡಾಕ್ಟರಿಗೆ ಹುರುಪು ಬಂತು. "ಕೊಂಬೆಯ ಬುಡದಿಂದ ದೂರದಲ್ಲಿ, ಮೊದಲು ಕೆಳಗಿನಿಂದ ಗರಗಸ ಸ್ವಲ್ಪ ಆಡಿಸ್ಬೇಕು. ಆಮೇಲೆ ಅದರಾಚೆ ಮೇಲಿನಿಂದ ಕೊಯ್ಯಬೇಕು. ಆಗ ತೊಗಟೆ ಸುಲೀದೆ ಕೊಂಬೆ ಬೀಳುತ್ತೆ. ಉಳಿದ ಮೋಟನ್ನ ಕೊನೇಲಿ, ಬುಡದ ಉಬ್ಬಿಗೆ ತಾಗದ ಹಾಗೆ ತೆಗೀಬೇಕು."

"ಇಲ್ಲೂ ಹಾಗೇ ತೆಗೆದಿದ್ದಾರಲ್ಲ? ತೊಗಟೆ ಒಂದೆಳೆ ಸುಲಿದಿಲ್ಲ."

ಮೇಡಂ ನನ್ನತ್ತ ತಿರುಗಿದರು. "ಉಯ್ಯಾಲೆಗೆ ಹಗ್ಗ ಎಷ್ಟು?"

"ಎರಡು."

"ಕೊಂಬೆ ಮೇಲೆ ಹಗ್ಗ ಸವೆಸಿದ ಗುರುತು?"

ಡ್ರೈವರ್‌ನ ರಟ್ಟೆ ಬಿಡದೆ ಬಗ್ಗಿ ಸುತ್ತಲೂ ಹುಡುಕಿದೆ. ಒಂದೇ ಇತ್ತು.

"ಇನ್ನೊಂದು ಗುರುತು ಮೋಟಿನ ಮೇಲಿತ್ತು. ಆ ಮೋಟು ಇಲ್ಲಿಲ್ಲ," ಎಂದರು ಮೇಡಂ. "ಡ್ರೈವರ್‌ಗೆ ಅದ್ಯಾಕೆ ಬೇಕು? ಅದರೊಳಗೆ ಏನಿದೆ ಅಂತ ಯಾರಿಗೂ ಗೊತ್ತಾಗಬಾರದು ಅನ್ನೋರಿಗೆ ಮಾತ್ರ ಬೇಕು. ಸಿಟ್ಟಲ್ಲಿ ಕಡಿದ ಹಾಗೆ ಅಡ್ಡಾದಿಡ್ಡಿ ಕಡಿಯೋಕೆ ನಿಮ್ಮ ಕೈ ಒಪ್ಪಲಿಲ್ಲ, ಅಲ್ವಾ ಡಾಕ್ಟ್ರೇ? ವ್ಯಾನ್ ಬಾಗಿಲು ತೆಗೀರಿ."

ವ್ಯಾನಿನಲ್ಲಿ ಟಾರ್ಪಾಲಿನ ಕೆಳಗೆ ಮೋಟು ಸಿಕ್ಕಿತು. ಎರಡು ತುದಿಯೂ ಗಟ್ಟಿ. ನಡುವೆ ನನ್ನ ಮುಷ್ಟಿ ಹೋಗುವಷ್ಟು ಪೊಳ್ಳು.

"ಆಮೇಲೆ ಒಂದಿನ ತಟ್ಟಿ ನೋಡಿದಾಗ ಗೊತ್ತಾಯ್ತು," ಡಾಕ್ಟರು ನೆಲ ನೋಡುತ್ತ ಹೇಳಿದರು. "ಮಗು ಬಿದ್ದಿದ್ರೆ ಏನು ಗತಿ ಅಂತ ಎದೆ ಒಡೆದುಹೋಯ್ತು. ನಾನು ಹೇಳಿದ್ದು ತಪ್ಪು ಅನ್ನೋಕೆ ಬಾಯಿ ಬರಲಿಲ್ಲ. ಯಾರೂ ಇಲ್ಲದಾಗ ಬಂದು ತೆಗೆದೆ."

ನಾನು ಡ್ರೈವರ್‌ನ ರಟ್ಟೆ ಬಿಟ್ಟೆ. ಅಜ್ಜಿ ಡಾಕ್ಟರ ಎದುರು ಬಂದು ನಿಂತರು.

"ಮಗೂನ ಉಳಿಸಿದ್ರಿ, ಅದಕ್ಕೆ ಕೈ ಮುಗೀತೀನಿ. ಆದ್ರೆ ಇವನನ್ನ ಜೀಪಿಗೆ ಎಳೀತಿದ್ದಾಗ್ಲೂ ಸುಮ್ಮನೆ ನಿಂತಿದ್ರಲ್ಲ, ಅದಕ್ಕೇನು ಹೇಳಲಿ?"